ಡಾಕ್ಟರ್ ಸೀಟು: ಸಂದರ್ಶನದಿಂದ ರ‍್ಯಾಂಕಿಗೆ

ಪುಣೆ ಬಳಿಯ ದೇಹೂ ರೋಡ್ ಕಂಟೋನ್ಮೆಂಟಿನಲ್ಲಿ ನೆಲೆಸಿದ ಕನ್ನಡದ ಮನೆಯ ಹುಡುಗಿಗೆ ಎಂಬಿಬಿಎಸ್ ಸೀಟು ಬೇಕು ಅನ್ನಿ. ಹತ್ತು, ಹನ್ನೆರಡನೇ ತರಗತಿ ಇಲ್ಲೇ ಓದಿ ಡೊಮಿಸೈಲ್ ಪತ್ರ ಪಡೆದಿದ್ದರೆ ಮಹಾರಾಷ್ಟ್ರದ ಕೋಟಾ ಉಂಟು. ಕರ್ನಾಟಕದಲ್ಲಿ ಏಳು ವರ್ಷ ಓದಿದ್ದರೆ ಅಲ್ಲಿಯ ಸರ್ಕಾರಿ ಸೀಟಿಗೂ ಅರ್ಜಿ ಹಾಕಬಹುದು. ಎರಡಕ್ಕೂ ಸಲ್ಲದವರಿಗೆ ಸರ್ಕಾರಿ ಕಾಲೇಜುಗಳ ಶೇ 15ರ ಅಖಿಲ ಭಾರತ ಕೋಟಾ. ಎಲ್ಲಕ್ಕೂ ರಾಷ್ಟ್ರೀಯ ಪ್ರವೇಶ ಪರೀಕ್ಷೆ ನೀಟ್‌ನ ರ‍್ಯಾಂಕೇ ಆಧಾರ. ಆದರೆ ಪುಣೆಯಲ್ಲೇ ಇರುವ ಸಶಸ್ತ್ರ ಪಡೆಗಳ ವೈದ್ಯಕೀಯ ಕಾಲೇಜು ಎಎಫ್‌ಎಂಸಿ, ರ‍್ಯಾಂಕ್ ನೋಡಿದ ಮೇಲೂ ಅಭ್ಯರ್ಥಿಯನ್ನು ಸಂದರ್ಶನಕ್ಕೆ ಕರೆಯುತ್ತದೆ.

ಒಂದು ಕಾಲಕ್ಕೆ ಮೈಸೂರು ರಾಜ್ಯವೂ (ಇಂದಿನ ಕರ್ನಾಟಕ) ಹಾಗೇ ಕರೆಯುತ್ತಿತ್ತು. 1960ರ ದಶಕದ ಆರಂಭದಲ್ಲಿ ವೈದ್ಯಕೀಯ, ಎಂಜಿನಿಯರಿಂಗ್ ಪ್ರವೇಶಕ್ಕೆ ಐಚ್ಛಿಕ ವಿಷಯಗಳ ಗರಿಷ್ಠ ಅಂಕದ ಕಾಲುಭಾಗದಷ್ಟನ್ನು ಸಂದರ್ಶನಕ್ಕೆ ಇಟ್ಟಿತ್ತು. ಸಾಮಾನ್ಯ ಜ್ಞಾನ, ವ್ಯಕ್ತಿತ್ವ, ಎನ್‌ಸಿಸಿ, ಆಟೋಟ, ಚರ್ಚಾಸ್ಪರ್ಧೆ, ನಾಟಕ ಎಲ್ಲವೂ ಲೆಕ್ಕಕ್ಕೆ ಬರುತ್ತಿದ್ದವು. ಸೀಟು ಸಿಗದವರು ಕೋರ್ಟಿಗೆ ಹೋದರು. 1964ರ ಚಿತ್ರಲೇಖಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಸಂದರ್ಶನವನ್ನೇ ತಪ್ಪೆನ್ನಲಿಲ್ಲ. ದುರುಪಯೋಗವಾದರೆ ಆ ಆಯ್ಕೆಯನ್ನು ರದ್ದುಪಡಿಸಬಹುದು ಎಂದಿತು.

ಅಷ್ಟರಲ್ಲಿ ಖಾಸಗಿ ಕಾಲೇಜುಗಳ ಬಾಗಿಲು ತೆರೆದಿತ್ತು. 1953ರಲ್ಲಿ ಟಿ.ಎಂ.ಎ. ಪೈ ಮಣಿಪಾಲದಲ್ಲಿ ಕಸ್ತೂರಬಾ ವೈದ್ಯಕೀಯ ಕಾಲೇಜು ಕಟ್ಟಿದರು. ಮುಂದೆ ರಾಜ್ಯದಲ್ಲಿ ಇಂಥ ಕಾಲೇಜುಗಳು ಹೆಚ್ಚಿದಂತೆ ಅಂಕದ ಜೊತೆಗೆ ಅಪ್ಪನ ಹಣದ ಚೀಲವೂ ತೂಕಕ್ಕೆ ಬಂತು. ಸರ್ಕಾರಿ ಸೀಟಿಗೆ ವರ್ಷಕ್ಕೆ 2,000 ರೂಪಾಯಿ ಇದ್ದಾಗ, ತುಮಕೂರಿನ ಕಾಲೇಜೊಂದರಲ್ಲಿ ಹೊರರಾಜ್ಯದವರಿಗೆ 60,000. ಮೀರತ್‌ನ ಮೋಹಿನಿ ಜೈನ್ ಅದನ್ನು ಪ್ರಶ್ನಿಸಿದರು. 1992ರಲ್ಲಿ ಸುಪ್ರೀಂ ಕೋರ್ಟ್ ಇಂಥ ಕ್ಯಾಪಿಟೇಶನ್ ಶುಲ್ಕ ಅಕ್ರಮವೆಂದಿತು. ಮರುವರ್ಷದ ಉನ್ನಿಕೃಷ್ಣನ್ ತೀರ್ಪು ಖಾಸಗಿ ಕಾಲೇಜುಗಳ ಸೀಟುಗಳನ್ನು ಫ್ರೀ ಸೀಟು, ಪೇಮೆಂಟ್ ಸೀಟು ಎಂದು ಹಂಚಿತು. ಅದರ ಬೆನ್ನಿಗೇ, 1994ರಲ್ಲಿ, ಕರ್ನಾಟಕದ ಸಾಮಾನ್ಯ ಪ್ರವೇಶ ಪರೀಕ್ಷೆ ಸಿಇಟಿ ಬಂತು. ಇನ್ನು ಶಿಫಾರಸು ಪತ್ರ ಹಿಡಿದು ಅಲೆಯುವಂತಿರಲಿಲ್ಲ. ರ‍್ಯಾಂಕ್ ಪ್ರಕಾರ ಕೌನ್ಸೆಲಿಂಗ್‌ಗೆ ಹೋಗಬೇಕಿತ್ತು.

ಬಳಿಕ ನೀಟ್ ದೇಶಕ್ಕೆಲ್ಲ ಒಂದೇ ಅಳತೆ ತಂದಿತು. 2017ರಿಂದ ಅದರ ಪ್ರಶ್ನೆಪತ್ರಿಕೆ ಕನ್ನಡದಲ್ಲೂ ಸಿಕ್ಕಿತು. ಆದರೂ ಸಂಶಯ ತೀರಲಿಲ್ಲ. ಹಿಂದೆ ಸಂದರ್ಶನ ಸಮಿತಿಯ ಮೇಲಿದ್ದ ಅನುಮಾನ 2024ರ ಪ್ರಶ್ನೆಪತ್ರಿಕೆ ಸೋರಿಕೆಯಿಂದ ಪರೀಕ್ಷೆಯ ಮೇಲೇ ಬಿತ್ತು.

ಹಾಗಾದರೆ ಎಎಫ್‌ಎಂಸಿಯ ಸಂದರ್ಶನ ಉಳಿದದ್ದು ಹೇಗೆ? 1962ರಿಂದ ಎಂಬಿಬಿಎಸ್ ಕಲಿಸುತ್ತಿರುವ ಈ ಕಾಲೇಜು ನೀಟ್‌ನ ಮೇಲೆ ಇಂಗ್ಲಿಷ್, ತರ್ಕಗಳ ಪರೀಕ್ಷೆಯನ್ನೂ ನಡೆಸುತ್ತದೆ. ಇಲ್ಲಿ ಓದಿದವರು ಸೇನೆಯ ವೈದ್ಯಾಧಿಕಾರಿಗಳಾಗಿ ದುಡಿಯಲು ಬಾಂಡ್ ಬರೆದುಕೊಡುತ್ತಾರೆ. ಆಯ್ಕೆ ಕೆಟ್ಟರೆ ಅದರ ಫಲ ಉಣ್ಣುವುದೂ ಸೇನೆಯೇ. ಮೈಸೂರಿನ ಸಮಿತಿಗೆ ಆ ಹೊಣೆ ಇರಲಿಲ್ಲ. ಅಂಕ ಹಾಕಿ ಎದ್ದುಹೋದರೆ ಅದರ ಕೆಲಸ ಮುಗಿಯಿತು.