ಹಕ್ಕಿ ಒಂದೇ, ಹೆಸರು ಹಲವು

ಕಳೆದ ಬೇಸಿಗೆಯಲ್ಲಿ ನಮ್ಮ ಧರ್ಮಕೇಂದ್ರದ ಮಕ್ಕಳಿಗೆ ಮೂರು ದಿನಗಳ ಶಿಬಿರ ನಡೆಯಿತು. ಕೊನೆಯ ದಿನದ ರಸಪ್ರಶ್ನೆಯ ಹೊಣೆ ನಮ್ಮದು. ಗುಬ್ಬಚ್ಚಿಗಿಂತ ತುಸು ಸಣ್ಣದಾದ, ಎದೆಯ ಮೇಲೆ ಮೀನಿನ ಹುರುಪೆಯಂತೆ ಬಿಳಿ-ಕಂದು ಗುರುತುಗಳಿದ್ದ ಹಕ್ಕಿಯ ಚಿತ್ರ ತೋರಿಸಿ ಹೆಸರು ಕೇಳಿದೆವು. ಏಳನೇ ತರಗತಿಯ ಹುಡುಗಿಯೊಬ್ಬಳು ಥಟ್ಟನೆ ಎದ್ದು, "ಸ್ಕೇಲಿ-ಬ್ರೆಸ್ಟೆಡ್ ಮುನಿಯಾ, ಫಾದರ್" ಎಂದಳು. ನಮ್ಮ ಕೈಯಲ್ಲಿದ್ದ ಹಳೆಯ ಪುಸ್ತಕದಲ್ಲಿ 'ಸ್ಪಾಟೆಡ್ ಮುನಿಯಾ' ಎಂದಿತ್ತು. "ತಪ್ಪು ಮಗಳೇ" ಎಂದು ಪ್ರಶ್ನೆಯನ್ನು ಮುಂದಿನ ತಂಡಕ್ಕೆ ದಾಟಿಸಿದೆವು. ಆ ಒಂದು ಅಂಕದಿಂದ ಅವಳ ತಂಡಕ್ಕೆ ಬಹುಮಾನ ತಪ್ಪಿತು. ಹುಡುಗಿ ವಾದಿಸಲಿಲ್ಲ, ತಲೆ ತಗ್ಗಿಸಿ ಕುಳಿತಳು.

ರಾತ್ರಿ ಮನಸ್ಸು ತಡೆಯದೆ ಹೊಸ ಪುಸ್ತಕವೊಂದನ್ನು ತಿರುವಿ ನೋಡಿದೆವು. ಎರಡೂ ಒಂದೇ ಹಕ್ಕಿ! ಅವಳು ಹೇಳಿದ್ದು ಈಗಿನ ಹೆಸರು. ನಾವು ಹಿಡಿದು ಕುಳಿತದ್ದು ಹಳೆಯ ಹೆಸರು.

ಪ್ರಿಯ ಓದುಗರೇ, ಮನೆಯಲ್ಲಿ ಕೊಂಕಣಿ, ಶಾಲೆಯಲ್ಲಿ ಕನ್ನಡ, ಗದ್ದೆಯಲ್ಲಿ ತುಳು, ಪೇಟೆಯಲ್ಲಿ ಮಲಯಾಳ ಮಾತನಾಡುವ ನಮ್ಮ ಕಾಸರಗೋಡಿನವರಿಗೆ ಒಂದು ವಸ್ತುವಿಗೆ ನಾಲ್ಕು ಹೆಸರಿರುವುದು ಹೊಸದಲ್ಲ. ಈ ಪುಟ್ಟ ಹಕ್ಕಿ ಕನ್ನಡದಲ್ಲಿ ಚುಕ್ಕೆ ರಾಟವಾಳ, ಮಲಯಾಳದಲ್ಲಿ ಚುಟ್ಟಿಯಾಟ್ಟ. ಇಂಗ್ಲಿಷಿನಲ್ಲೇ ಅದಕ್ಕೆ ಸ್ಪಾಟೆಡ್ ಮುನಿಯಾ, ಸ್ಕೇಲಿ-ಬ್ರೆಸ್ಟೆಡ್ ಮುನಿಯಾ, ನಟ್‌ಮೆಗ್ ಮ್ಯಾನಿಕಿನ್, ಸ್ಪೈಸ್ ಫಿಂಚ್ ಎಂಬ ನಾಲ್ಕು ಹೆಸರುಗಳು. 1941ರಲ್ಲಿ ಮೊದಲು ಪ್ರಕಟವಾದ ಸಲೀಂ ಅಲಿಯವರ ಪುಸ್ತಕದಿಂದ ಹಕ್ಕಿ ಗುರುತಿಸಲು ಕಲಿತವರು ಮೊದಲನೆಯದನ್ನು ಬಲ್ಲರು. ಇಂದಿನ ಮಕ್ಕಳು ಎರಡನೆಯದನ್ನು ಬಲ್ಲರು.

ಹೆಸರುಗಳು ಏಕೆ ಬದಲಾಗುತ್ತವೆ? ಒಂದನೆಯ ಕಾರಣ, ದೇಶಕ್ಕೊಂದು ಹೆಸರಿದ್ದರೆ ಗೊಂದಲವೆಂದು ವಿದ್ವಾಂಸರು ಒಮ್ಮತದ ಹೆಸರನ್ನು ಹುಡುಕುತ್ತಾರೆ. ಜಗತ್ತಿನ ಹಕ್ಕಿಗಳಿಗೆ ಬೇರೆ ಬೇರೆ ಪಟ್ಟಿಗಳಿದ್ದವು. ಅವುಗಳನ್ನು ಹೊಂದಿಸಿ 'ಅವಿಲಿಸ್ಟ್' ಎಂಬ ಪಟ್ಟಿ ಹೊರಬಂದದ್ದು 2025ರಲ್ಲಿ. ಎರಡನೆಯದು, ಒಂದೇ ಎಂದು ತಿಳಿದ ಜಾತಿ ಎರಡಾಗುವುದು. ಕಪ್ಪು ತಲೆಯ ರಾಟವಾಳಗಳನ್ನೆಲ್ಲ ಮೊದಲು ಒಂದೇ ಜಾತಿಯಾಗಿ ಎಣಿಸುತ್ತಿದ್ದರು. ಈಗ ದಕ್ಷಿಣ ಭಾರತದ, ಹೊಟ್ಟೆ ಬೆಳ್ಳಗಿರುವ ಹಕ್ಕಿ ಬೇರೆ. ಅದು ಟ್ರೈಕಲರ್ಡ್ ಮುನಿಯಾ. ಪೂರ್ವದ ದೇಶಗಳ ಕಂದು ಹೊಟ್ಟೆಯದು ಇನ್ನೊಂದು. ಮೂರನೆಯದು, ನೆಂಟಸ್ತಿಕೆಯ ಮರುವಿಚಾರಣೆ. ಹಳೆಯ ಗ್ರಂಥಗಳಲ್ಲಿ ಗುಬ್ಬಚ್ಚಿ, ಗೀಜಗ, ರಾಟವಾಳ ಮೂರೂ ಒಂದೇ ಕುಟುಂಬದವು. ಈಗ ಮೂರಕ್ಕೂ ಬೇರೆ ಬೇರೆ ಕುಟುಂಬ. ನಾವು ರೂಢಿಯಲ್ಲಿ ಫಿಂಚ್ ಎನ್ನುವ ಈ ರಾಟವಾಳಗಳು ಶಾಸ್ತ್ರದ ಪ್ರಕಾರ ನಿಜವಾದ ಫಿಂಚ್ ಕುಟುಂಬಕ್ಕೂ ಸೇರಿದವಲ್ಲ.

ಹಾಗಾದರೆ ಯಾವುದನ್ನು ನಂಬುವುದು? ಸೆಮಿನರಿಯಲ್ಲಿ ಕಲಿತ ಅಲ್ಪಸ್ವಲ್ಪ ಲ್ಯಾಟಿನ್ ಇಲ್ಲಿ ನಮ್ಮ ನೆರವಿಗೆ ಬಂತು. 1758ರಲ್ಲಿ ಲಿನೇಯಸ್ ಈ ಹಕ್ಕಿಯನ್ನು 'ಲಾಕ್ಸಿಯಾ ಪಂಕ್ಟುಲಾಟಾ' ಎಂದು ಕರೆದನು. ಇಂದು ಅದು 'ಲೋಂಕೂರಾ ಪಂಕ್ಟುಲಾಟಾ'. ಮನೆತನದ ಹೆಸರು ಬದಲಾದರೂ ಸ್ವಂತ ಹೆಸರು ಉಳಿದಿದೆ. ಪಂಕ್ಟುಲಾಟಾ ಎಂದರೆ ಸಣ್ಣ ಸಣ್ಣ ಚುಕ್ಕೆಗಳುಳ್ಳದ್ದು. ನಮ್ಮ ಕನ್ನಡದ ಹೆಸರೂ ಅದನ್ನೇ ಹೇಳುತ್ತದೆ! ಆದರೆ ಲ್ಯಾಟಿನ್ನನ್ನೂ ಕಣ್ಣು ಮುಚ್ಚಿ ನಂಬುವಂತಿಲ್ಲ. 'ಮಲಕ್ಕಾ' ಎಂದು ಹೆಸರು ಹೊತ್ತ ಟ್ರೈಕಲರ್ಡ್ ಮುನಿಯಾದ ತವರು ಭಾರತ ಮತ್ತು ಶ್ರೀಲಂಕಾ.

ಆದ್ದರಿಂದ ಹೆಸರಿಗಿಂತ ಮೊದಲು ಹಕ್ಕಿಯನ್ನು ನೋಡೋಣ. ಕಾಳು ಒಡೆಯುವ ದಪ್ಪ, ಮೊನಚಾದ ಕೊಕ್ಕು ರಾಟವಾಳಗಳ ಸಾಮಾನ್ಯ ಗುರುತು. ಎದೆ-ಹೊಟ್ಟೆಯಲ್ಲಿ ಹುರುಪೆಯಂಥ ಗುರುತಿದ್ದರೆ ಚುಕ್ಕೆ ರಾಟವಾಳ. ಮೈ ಕಡುಗಂದಾಗಿ, ಹಾರುವಾಗ ಬಾಲದ ಬುಡದಲ್ಲಿ ಬಿಳಿ ಪಟ್ಟಿ ಕಂಡರೆ ಬಿಳಿ ಬೆನ್ನಿನ ರಾಟವಾಳ. ಮಲಯಾಳಿಗಳು ಅದನ್ನು ಆಟ್ಟಕ್ಕರುಪ್ಪನ್ ಎನ್ನುತ್ತಾರೆ. ಕಪ್ಪು ತಲೆ, ಬಿಳಿ ಹೊಟ್ಟೆ, ಇಟ್ಟಿಗೆಗೆಂಪು ಬೆನ್ನು ಇದ್ದರೆ ಟ್ರೈಕಲರ್ಡ್ ಮುನಿಯಾ. ತಾಳವಾಡಿ, ಆದವಾನಿಯಂಥ ಒಣ ಸೀಮೆಯ ಓದುಗರು ಮಾಸಲು ಮೈ, ಚೂಪಾದ ಕಪ್ಪು ಬಾಲ, ಬೆಳ್ಳಿಬಣ್ಣದ ಕೊಕ್ಕಿನ ಸಿಲ್ವರ್‌ಬಿಲ್ಲನ್ನು ಕಾಣಬಹುದು. ಅದನ್ನೇ ಮೊದಲು ವೈಟ್-ಥ್ರೋಟೆಡ್ ಮುನಿಯಾ ಎನ್ನುತ್ತಿದ್ದರು. ಒಂದು ಎಚ್ಚರಿಕೆ: ಚುಕ್ಕೆ ರಾಟವಾಳದ ಮರಿಗೆ ಚುಕ್ಕೆಯೇ ಇರುವುದಿಲ್ಲ, ಬರೀ ಕಂದು. ಕೆಂಪು ರಾಟವಾಳದ ಗಂಡೂ ಮರಿ ಮಾಡುವ ಕಾಲ ಮುಗಿದ ಮೇಲೆ ಕೆಂಪು ಕಳಚಿ ಹೆಣ್ಣಿನಂತೆ ಕಾಣುತ್ತದೆ.

ಇಷ್ಟೆಲ್ಲ ತಿಳಿದು ಏನು ಪ್ರಯೋಜನ ಎನ್ನುವಿರಾ? ಈ ಹಕ್ಕಿಗಳಿಗೆ ಬಣ್ಣ ಹಚ್ಚಿ 'ವಿದೇಶಿ ಹಕ್ಕಿ' ಎಂದು ಪಂಜರದಲ್ಲಿ ಮಾರುವವರಿದ್ದಾರೆ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯಡಿ ಇವುಗಳನ್ನು ಹಿಡಿಯುವುದೂ ಮಾರುವುದೂ ಅಪರಾಧ. ಅಂಗಳದ ಹಕ್ಕಿಯ ಗುರುತು ಬಲ್ಲ ಮಗು ಇಂಥ ಮೋಸಕ್ಕೆ ಬೀಳದು, ಮನೆಯವರನ್ನೂ ಬೀಳಗೊಡದು.

ಮುಂದಿನ ಭಾನುವಾರ ಪೂಜೆಯ ನಂತರ ಮಕ್ಕಳೆಲ್ಲರ ಮುಂದೆ ಆ ಹುಡುಗಿಯನ್ನು ಕರೆದು, "ನೀನು ಹೇಳಿದ್ದು ಸರಿ, ತಪ್ಪಿದ್ದು ನಾವು" ಎಂದೆವು. ಅವಳ ತಂಡಕ್ಕೂ ಬಹುಮಾನ ಕೊಟ್ಟೆವು. ಅವಳು ನಕ್ಕು, "ನಮ್ಮ ಅಜ್ಜಿ ಅದನ್ನು ಗದ್ದೆಗುಬ್ಬಿ ಅಂತಾರೆ ಫಾದರ್. ಅದು ತಪ್ಪಾ?" ಎಂದು ಕೇಳಿದಳು. "ತಪ್ಪಲ್ಲ ಮಗಳೇ. ಆದರೆ ಗದ್ದೆಗೆ ಬರುವ ಗುಬ್ಬಿ ಹಲವು. ಯಾವುದು ಎಂದು ಅಜ್ಜಿಗೆ ಎದೆ ನೋಡಿ ಹೇಳು" ಎಂದೆವು.

ಈಗ ಅವಳ ಬಳಿ ಒಂದು ನೋಟ್ ಪುಸ್ತಕವಿದೆ. ಅದರಲ್ಲಿ ಹಕ್ಕಿ ಕಂಡ ದಿನ, ಜಾಗ, ಕೊಕ್ಕು-ಎದೆ-ಬಾಲದ ಬಣ್ಣ, ಅಜ್ಜಿಯ ಹೆಸರು, ಪುಸ್ತಕದ ಹೆಸರು, ಲ್ಯಾಟಿನ್ ಹೆಸರು ಎಲ್ಲವನ್ನೂ ಬರೆಯುತ್ತಾಳೆ. ಮುಂದೆ ಪುಸ್ತಕದ ಹೆಸರು ಬದಲಾದರೂ ಅವಳು ಕಂಡದ್ದು ಬದಲಾಗದು. ನಿಮ್ಮ ಮನೆಯ ಮಕ್ಕಳಿಗೂ ಅಂಥದೊಂದು ಪುಸ್ತಕ ಕೊಡಿ. ನಾವೂ ಒಂದನ್ನು ಇಟ್ಟುಕೊಂಡಿದ್ದೇವೆ. ಮೊದಲ ಪುಟದಲ್ಲಿ ಗುರುಮನೆಯ ಲಿಂಬೆ ಗಿಡದಲ್ಲಿ ಹುಲ್ಲಿನ ಉಂಡೆಯಂಥ ಗೂಡು ಕಟ್ಟಿದ ಜೋಡಿಯ ವಿವರವಿದೆ. ಹೆಸರಿನ ಜಾಗದಲ್ಲಿ ಮೂರು ಹೆಸರು ಬರೆದಿದ್ದೇವೆ.