ರಾಸಿಗೆ ಹೊಟ್ಟೆಯ ಆಪರೇಷನ್: ಹಿಂದಿನ ದಿನ ಏನು ಕೊಡಬಾರದು?



ಹಸು ಮೇವು ಬಿಟ್ಟಿದೆ, ಹೊಟ್ಟೆ ಮತ್ತೆ ಮತ್ತೆ ಉಬ್ಬರಿಸುತ್ತಿದೆ, ಹಾಲು ದಿನದಿಂದ ದಿನಕ್ಕೆ ಇಳಿಯುತ್ತಿದೆ. ಪರೀಕ್ಷಿಸಿದ ಪಶುವೈದ್ಯರು, ಹೊಟ್ಟೆಯಲ್ಲಿ ಪ್ಲಾಸ್ಟಿಕ್ ಅಥವಾ ತಂತಿ ಸೇರಿದೆ, ಆಪರೇಷನ್ ಮಾಡಿ ತೆಗೆಯಬೇಕು ಎನ್ನುತ್ತಾರೆ. ಇಂಥ ಸಂದರ್ಭದಲ್ಲಿ ಮನೆಯವರ ಗಮನವೆಲ್ಲ ಆಪರೇಷನ್ ಮೇಲೇ ಇರುತ್ತದೆ. ಆದರೆ ರಾಸು ಉಳಿಯುವುದು, ಗಾಯ ಬೇಗ ಮಾಯುವುದು, ಮತ್ತೆ ಹಾಲಿಗೆ ಬರುವುದು ಹಿಂದಿನ ಒಂದೆರಡು ದಿನ ಅದರ ಬಾಯಿಗೆ ಮತ್ತು ಮೈಗೆ ಏನು ಹೋಗಿದೆ ಎಂಬುದರ ಮೇಲೂ ನಿಂತಿದೆ. ಅದನ್ನು ನೋಡಿಕೊಳ್ಳುವವರು ಕೊಟ್ಟಿಗೆಯಲ್ಲಿರುವ ನೀವು. ಆದ್ದರಿಂದ ಈ ಲೇಖನ.

ಉಪವಾಸ ಏಕೆ?

ನಮಗೆ ಆಪರೇಷನ್ ಇದ್ದರೆ ಹಿಂದಿನ ರಾತ್ರಿಯಿಂದ ಏನೂ ತಿನ್ನಬೇಡಿ ಎನ್ನುತ್ತಾರೆ. ನಮ್ಮ ಹೊಟ್ಟೆ ಕೆಲವು ಗಂಟೆಗಳಲ್ಲಿ ಖಾಲಿಯಾಗುತ್ತದೆ. ರಾಸಿನ ಹೊಟ್ಟೆ ಹಾಗಲ್ಲ. ಅದಕ್ಕಿರುವ ನಾಲ್ಕು ಭಾಗಗಳಲ್ಲಿ ಮೊದಲನೆಯ ದೊಡ್ಡ ಹೊಟ್ಟೆ, ಅಂದರೆ ರೂಮೆನ್, ಬೆಳೆದ ಹಸುವಿನಲ್ಲಿ 100 ಲೀಟರಿಗೂ ಹೆಚ್ಚು ಹಿಡಿಸುತ್ತದೆ. ಎರಡು ದಿನ ಮೇವು ನಿಲ್ಲಿಸಿದರೂ ಅದು ಪೂರ್ತಿ ಖಾಲಿಯಾಗುವುದಿಲ್ಲ. ಉಪವಾಸದಿಂದ ಒಳಗಿನ ನೀರು, ಹುಳಿಯುವಿಕೆ ಮತ್ತು ಗ್ಯಾಸ್ ಕಡಿಮೆಯಾಗುತ್ತದೆ. ನಮಗೆ ಬೇಕಾದದ್ದೂ ಅಷ್ಟೇ.

ಹೊಟ್ಟೆ ತುಂಬಿದ ರಾಸನ್ನು ಆಪರೇಷನ್‌ಗೆ ತಂದರೆ ಮೂರು ಅಪಾಯಗಳಿವೆ.

ಒಂದು, ಮಂಪರು ಬಂದು ಮಲಗಿದ ರಾಸು ತೇಗಲಾರದು. ಗ್ಯಾಸ್ ಒಳಗೇ ತುಂಬಿ, ಎದೆಗೂ ಹೊಟ್ಟೆಗೂ ನಡುವಿನ ಪರದೆಯನ್ನು ಮುಂದಕ್ಕೆ ಒತ್ತುತ್ತದೆ. ಉಸಿರಾಡಲು ಶ್ವಾಸಕೋಶಕ್ಕೆ ಜಾಗವಿಲ್ಲದಂತಾಗುತ್ತದೆ.

ಎರಡು, ಹೊಟ್ಟೆಯ ನೀರು ಬಾಯಿಗೆ ಬಂದು ಶ್ವಾಸನಾಳಕ್ಕೆ ಇಳಿಯಬಹುದು. ಆಪರೇಷನ್ ಚೆನ್ನಾಗಿ ಆಗಿ, ಆಮೇಲೆ ನ್ಯುಮೋನಿಯಾದಿಂದ ರಾಸು ಸಾಯುವುದುಂಟು.

ಮೂರು, ದೊಡ್ಡ ಹೊಟ್ಟೆಯನ್ನು ಕೊಯ್ದಾಗ ಒಳಗಿನ ಸರಕು ಹೊರಚೆಲ್ಲಿ ಕರುಳಿನ ಸುತ್ತ ಬಿದ್ದರೆ ಕೀವಾಗುತ್ತದೆ.

ದೊಡ್ಡ ಹೊಟ್ಟೆಯ ಆಪರೇಷನ್ ಅನ್ನು ಹೆಚ್ಚಾಗಿ ರಾಸನ್ನು ನಿಲ್ಲಿಸಿಕೊಂಡೇ, ಎಡಪಕ್ಕೆಯ ಜಾಗ ಮರಗಟ್ಟುವಂತೆ ಇಂಜೆಕ್ಷನ್ ಕೊಟ್ಟು ಮಾಡುತ್ತೇವೆ. ಆದರೂ ನಡುವೆ ರಾಸು ಕುಸಿದು ಮಲಗಬಹುದು. ಆದ್ದರಿಂದ ನಿಂತೇ ಮಾಡುವ ಆಪರೇಷನ್‌ಗೂ ಈ ಎಚ್ಚರಿಕೆ ಬೇಕು.

ಎಷ್ಟು ಹೊತ್ತು?

ಬೆಳೆದ ರಾಸಿಗೆ ಸಾಮಾನ್ಯವಾಗಿ 24 ಗಂಟೆ ಮೇವು ಮತ್ತು ಪಶು ಆಹಾರ, 12 ಗಂಟೆ ನೀರು ನಿಲ್ಲಿಸಲು ಹೇಳುತ್ತೇವೆ. ಮಲಗಿಸಿ ಮಾಡುವ ದೊಡ್ಡ ಆಪರೇಷನ್‌ಗೆ ಇನ್ನೂ ಹೆಚ್ಚು ಹೊತ್ತು ಹೇಳಬಹುದು. ನಿಮ್ಮ ರಾಸಿಗೆ ಎಷ್ಟು ಎಂಬುದನ್ನು ಅದನ್ನು ನೋಡಿದ ವೈದ್ಯರೇ ಹೇಳಬೇಕು.

ಹೆಚ್ಚು ಉಪವಾಸ ಹಾಕಿದರೆ ಇನ್ನೂ ಒಳ್ಳೆಯದು ಎಂದುಕೊಳ್ಳಬೇಡಿ. ತುಂಬು ಗಬ್ಬದ ಹಸು, ಈಚೆಗೆ ಕರು ಹಾಕಿದ ಹಸು, ಹೆಚ್ಚು ಹಾಲು ಕೊಡುವ ಹಸು ಬಹಳ ಹೊತ್ತು ಹಸಿದಿದ್ದರೆ ಮೈಯ ಕೊಬ್ಬು ಕರಗಿ ಕೀಟೋಸಿಸ್ ಬರುತ್ತದೆ. ಹಾಲು ಕುಡಿಯುವ ಕರುವನ್ನಂತೂ ದೊಡ್ಡ ರಾಸಿನಂತೆ ಉಪವಾಸ ಹಾಕಲೇಬಾರದು. ಅದರ ರಕ್ತದ ಸಕ್ಕರೆ ಬೇಗ ಇಳಿಯುತ್ತದೆ.

ಕರು ಸಿಕ್ಕಿಕೊಂಡು ಹೊಟ್ಟೆ ಕೊಯ್ದು ತೆಗೆಯಬೇಕಾದಾಗ, ಇಲ್ಲವೇ ಉಬ್ಬರ ಜೋರಾಗಿ ರಾಸು ಬಾಯಿ ತೆರೆದು ಉಸಿರಾಡುತ್ತಿರುವಾಗ ಉಪವಾಸಕ್ಕೆ ಕಾಯುವಂತಿಲ್ಲ. ಕೂಡಲೇ ವೈದ್ಯರನ್ನು ಕರೆಸಿ ಅಥವಾ 1962ಕ್ಕೆ ಫೋನ್ ಮಾಡಿ.

ಬಾಯಿಗೆ ಇಡಬಾರದ್ದು

ಪಾಪ, ಹಸಿದಿದೆ ಎಂದು ಮನೆಯಲ್ಲಿ ಯಾರಾದರೂ ಒಂದು ಬಕೆಟ್ ಕಲಗಚ್ಚು ಇಟ್ಟುಬಿಡುತ್ತಾರೆ. ಶಕ್ತಿ ಬರಲಿ ಎಂದು ರಾಗಿ ಗಂಜಿ, ಬೆಲ್ಲದ ನೀರು, ಉಳಿದ ಅನ್ನ, ಮುದ್ದೆ ಕೊಡುತ್ತಾರೆ. ಇವು ದೊಡ್ಡ ಹೊಟ್ಟೆಯಲ್ಲಿ ಬಹಳ ಬೇಗ ಹುಳಿಯುತ್ತವೆ. ಆಮ್ಲ ಹೆಚ್ಚಾಗಿ ಹೊಟ್ಟೆ ನೀರಾಗುತ್ತದೆ. ಒಣಹುಲ್ಲಿಗಿಂತಲೂ ಇವೇ ಅಪಾಯ. ಕುದುರೆ ಮಸಾಲೆ ಸೊಪ್ಪು, ಅಲಸಂದೆ ಬಳ್ಳಿಯಂಥ ಎಳೆಯ ದ್ವಿದಳ ಮೇವು ಉಬ್ಬರ ತರುತ್ತದೆ. ಜೋಳದ ಹಿಟ್ಟು, ಬೂಸಾ, ಹಿಂಡಿ ಯಾವುದೂ ಬೇಡ.

ಕಾಲಡಿಯ ಹುಲ್ಲನ್ನು ಮರೆಯಬೇಡಿ. ಹಸಿದ ಹಸು ಹಾಸಿದ ಹುಲ್ಲನ್ನೂ ಪಕ್ಕದ ಗೋದಲಿಯ ಮೇವನ್ನೂ ತಿನ್ನುತ್ತದೆ. ಗೋದಲಿ ಗುಡಿಸಿ, ಹಾಸು ಹುಲ್ಲು ತೆಗೆದು ಬೇರೆ ಕಡೆ ಕಟ್ಟಿ. ಬೆಳಿಗ್ಗೆ ಬೇಗ ಏಳುವ ಮಾವನವರಿಗೂ, ಶಾಲೆಗೆ ಹೋಗುವ ಮಕ್ಕಳಿಗೂ ಹಿಂದಿನ ದಿನವೇ ಹೇಳಿಡಿ.

ಗೊಟ್ಟ ಎತ್ತಬೇಡಿ. ಉಬ್ಬರಕ್ಕೆ ಎಣ್ಣೆ, ಇಂಗಿನ ನೀರು, ಸೋಡಾಪುಡಿ, ಹೊಗೆಸೊಪ್ಪಿನ ನೀರು, ಬ್ರಾಂದಿ ಕುಡಿಸುವವರಿದ್ದಾರೆ. ನಾಲಿಗೆ ಹಿಡಿದು, ತಲೆ ಮೇಲೆತ್ತಿ ಹುಯ್ದದ್ದು ಶ್ವಾಸಕೋಶಕ್ಕೆ ಹೋಗುವುದು ಸುಲಭ. ಎಣ್ಣೆ ಹೋದರೆ ಉಳಿಸುವುದು ಬಲು ಕಷ್ಟ. ಹೊಗೆಸೊಪ್ಪಿನಲ್ಲಿ ವಿಷವಿದೆ. ಬ್ರಾಂದಿ ಕುಡಿದ ರಾಸಿಗೆ ಮಂಪರು ಔಷಧಿ ಲೆಕ್ಕ ಮೀರಿ ಏರುತ್ತದೆ.

ಯಾವ ಔಷಧಿ ಬೇಡ?

ನೋವಿನ ಇಂಜೆಕ್ಷನ್: ನೋವು, ಜ್ವರ ಮುಚ್ಚಿಹೋದರೆ ರೋಗ ಎಷ್ಟು ಮುಂದುವರಿದಿದೆ ಎಂದು ವೈದ್ಯರಿಗೆ ತಿಳಿಯುವುದಿಲ್ಲ. ಒಂದರ ಮೇಲೊಂದು ಕೊಟ್ಟರೆ ಹೊಟ್ಟೆಯಲ್ಲಿ ಹುಣ್ಣಾಗುತ್ತದೆ. ನೀರು ಕುಡಿಯದ ರಾಸಿನ ಮೂತ್ರಪಿಂಡಕ್ಕೆ ಪೆಟ್ಟು ಬೀಳುತ್ತದೆ. ಇನ್ನೊಂದು ಮಾತು. ಡೈಕ್ಲೋಫೆನಾಕ್ ಅನ್ನು ರಾಸುಗಳಿಗೆ ಕೊಡುವುದಕ್ಕೆ 2006ರಿಂದಲೇ ನಿಷೇಧವಿದೆ. ಅದನ್ನು ಪಡೆದು ಸತ್ತ ರಾಸನ್ನು ತಿಂದ ರಣಹದ್ದುಗಳು ಸಾಯುತ್ತವೆ. ಇದೇ ಕಾರಣಕ್ಕೆ 2023ರಲ್ಲಿ ಅಸಿಕ್ಲೋಫೆನಾಕ್, ಕೀಟೊಪ್ರೊಫೆನ್‌ಗಳನ್ನೂ ನಿಷೇಧಿಸಲಾಗಿದೆ. ಮೆಡಿಕಲ್ ಅಂಗಡಿಯಿಂದ ಮನುಷ್ಯರ ಇಂಜೆಕ್ಷನ್ ತಂದು ಹಾಕಿಸಬೇಡಿ.

ಡೆಕ್ಸಾಮೆಥಾಸೋನ್‌ನಂಥ ಸ್ಟಿರಾಯ್ಡ್: ಇದನ್ನು ಹಾಕಿಸಿದ ಮೇಲೆ ರಾಸು ಒಂದು ದಿನ ಚುರುಕಾಗಿ ಕಾಣಬಹುದು. ಆದರೆ ಸೋಂಕು ತಡೆಯುವ ಶಕ್ತಿ ಕುಗ್ಗಿ, ಹೊಲಿಗೆಯ ಗಾಯ ತಡವಾಗಿ ಮಾಯುತ್ತದೆ. ಗಬ್ಬದ ಕೊನೆಯ ತಿಂಗಳುಗಳಲ್ಲಿ ಕರು ಕಂದು ಹಾಕುವ ಅಪಾಯವೂ ಇದೆ.

ಆಂಟಿಬಯೋಟಿಕ್: ಯಾವುದು, ಎಷ್ಟು ದಿನ ಎಂದು ಹೇಳಲೇಬೇಕು. ಜೆಂಟಾಮೈಸಿನ್, ಸ್ಟ್ರೆಪ್ಟೊಮೈಸಿನ್‌ಗಳು ಅರಿವಳಿಕೆಯ ಜೊತೆ ಸೇರಿದರೆ ಉಸಿರಾಟದ ಸ್ನಾಯುಗಳು ಸೋಲಬಹುದು.

ಉಣ್ಣೆ ಔಷಧಿ: ಉಣ್ಣೆಗೆ ಸಿಂಪಡಿಸುವ ಅಮಿಟ್ರಾಜ್ ಚರ್ಮದ ಮೂಲಕ ಮೈಗೆ ಸೇರುತ್ತದೆ. ನಾವು ಮಂಪರಿಗೆ ಬಳಸುವ ಜೈಲಜೀನ್ ಕೂಡ ಅದೇ ರೀತಿ ಕೆಲಸ ಮಾಡುವ ಔಷಧಿ. ಎರಡೂ ಸೇರಿದರೆ ಮಂಪರು ಮಿತಿಮೀರುತ್ತದೆ. ದನಗಳು ಜೈಲಜೀನ್‌ಗೆ ಎಷ್ಟು ಸೂಕ್ಷ್ಮವೆಂದರೆ, ಕುದುರೆಗೆ ಬೇಕಾದ ಪ್ರಮಾಣದ ಹತ್ತನೇ ಒಂದು ಭಾಗ ಸಾಕು. ಆಪರೇಷನ್ ಗೊತ್ತಾದ ಮೇಲೆ ಯಾವ ಉಣ್ಣೆ ಔಷಧಿಯೂ ಬೇಡ.

ಹಾಗೆಂದು ಆಪರೇಷನ್ ಮಾಡುವ ವೈದ್ಯರೇ ಬರೆದುಕೊಟ್ಟ ಗ್ಲೂಕೋಸ್, ಕ್ಯಾಲ್ಸಿಯಂ ಅಥವಾ ಬೇರೆ ಔಷಧಿಯನ್ನು ನೀವಾಗಿ ನಿಲ್ಲಿಸಬೇಡಿ.

ಮರೆಯದೆ ಹೇಳಿ

ಆಪರೇಷನ್ ದಿನ ಈ ಐದು ವಿಷಯಗಳನ್ನು ಚೀಟಿಯಲ್ಲಿ ಬರೆದು ತನ್ನಿ. ಬರೆಯಲು ಆಗದಿದ್ದರೆ ಬಾಯಲ್ಲೇ ಹೇಳಿ.

1. ಕೊನೆಯ ಸಲ ಮೇವು, ನೀರು ಕೊಟ್ಟದ್ದು ಯಾವಾಗ?
2. ಕಳೆದ ಒಂದು ವಾರದಲ್ಲಿ ಯಾರು, ಯಾವ ಇಂಜೆಕ್ಷನ್ ಹಾಕಿದರು? ಖಾಲಿ ಬಾಟಲಿ ಇದ್ದರೆ ಅದನ್ನೇ ತನ್ನಿ.
3. ಮನೆಮದ್ದು ಏನಾದರೂ ಕುಡಿಸಿದ್ದೀರಾ?
4. ಗಬ್ಬವಿದೆಯೇ? ಎಷ್ಟು ತಿಂಗಳು?
5. ಉಣ್ಣೆ ಅಥವಾ ಜಂತು ಔಷಧಿ ಕೊಟ್ಟು ಎಷ್ಟು ದಿನವಾಯಿತು?

ಬೈಯುತ್ತಾರೆಂದು ಯಾವುದನ್ನೂ ಮುಚ್ಚಿಡಬೇಡಿ. ತಪ್ಪಿ ಬೆಳಿಗ್ಗೆ ರಾಸು ಮೇವು ತಿಂದಿದೆ ಎಂದು ಹೇಳಿದರೆ ನಾವು ಆಪರೇಷನ್ ಒಂದು ದಿನ ಮುಂದೂಡಬಹುದು, ಇಲ್ಲವೇ ಔಷಧಿ ಬದಲಿಸಬಹುದು. ಹೇಳದಿದ್ದರೆ ಆ ಅವಕಾಶವೂ ಇರುವುದಿಲ್ಲ. ಯಜಮಾನರು ರಾಸನ್ನು ಹೊಡೆದುಕೊಂಡು ಬರುವುದಾದರೆ, ಮೇವು ಹಾಕಿದ ನೀವೂ ಜೊತೆಗೆ ಬನ್ನಿ ಅಥವಾ ಫೋನಿನಲ್ಲಿ ಸಿಗುವಂತಿರಿ.

ಔಷಧಿ ಪಡೆದ ರಾಸಿನ ಹಾಲನ್ನು ವೈದ್ಯರು ಹೇಳಿದಷ್ಟು ದಿನ ಸಂಘಕ್ಕೆ ಹಾಕಬೇಡಿ, ಮನೆಗೂ ಬಳಸಬೇಡಿ. ಆಪರೇಷನ್ ಆದ ಮೇಲೆ ಮೊದಲ ನೀರು ಯಾವಾಗ, ಮೊದಲ ಹಿಡಿ ಹುಲ್ಲು ಯಾವಾಗ ಎಂದು ಕೇಳಿಕೊಂಡೇ ಮನೆಗೆ ಹೊರಡಿ.