ಕೆಚ್ಚಲು ಬಾವಿಗೆ ಲೋಳೆಸರದ ಲೇಪ

ಶಹಾಪುರ, ಸುರಪುರ ಕಡೆಯ ಕಾಲುವೆ ಊರುಗಳಲ್ಲಿ ಭತ್ತದ ಹುಲ್ಲು, ಯಾದಗಿರಿ ಕಡೆಯಲ್ಲಿ ಜೋಳದ ಕಣಿಕೆ, ಹೀಗೆ ಹೈನದ ರಾಸುಗಳಿಗೆ ಮೇವು ಹೇಗೋ ಒದಗುತ್ತದೆ. ಆದರೆ ಮಳೆಗಾಲದಲ್ಲಿ ಎರೆಮಣ್ಣಿನ ಕೊಟ್ಟಿಗೆ ಕೆಸರಾಯಿತೆಂದರೆ ಕೆಚ್ಚಲು ಬಾವಿನ ಭಯ ತಪ್ಪಿದ್ದಲ್ಲ. ಒಮ್ಮೆ ಗಟ್ಟಿಯಾಗಿ ಬತ್ತಿದ ಮೊಲೆ ಮತ್ತೆ ಮೊದಲಿನಂತೆ ಹಾಲು ಕೊಡುವುದು ಅಪರೂಪ.

ಈ ರೋಗಕ್ಕೆ ಸಾಮಾನ್ಯವಾಗಿ ಬಳಸುವುದು ಪ್ರತಿಜೀವಕ ಔಷಧಿ. ಅದರ ಅಂಶ ಕೆಲವು ದಿನ ಹಾಲಿನಲ್ಲಿ ಇಳಿಯುವುದರಿಂದ ವೈದ್ಯರು ಹೇಳಿದಷ್ಟು ದಿನ ಆ ಹಾಲನ್ನು ಮಾರಬಾರದು, ಮನೆಯಲ್ಲೂ ಬಳಸಬಾರದು. ಅಂಥ ಹಾಲು ಸರಿಯಾಗಿ ಹೆಪ್ಪುಗಟ್ಟದಿರುವುದೂ ಉಂಟು. ಅರೆಬರೆ ಚಿಕಿತ್ಸೆಯಿಂದ ರೋಗಾಣುಗಳು ಔಷಧಿಗೆ ಬಗ್ಗದಂತಾಗುತ್ತವೆ.

ರಾಷ್ಟ್ರೀಯ ಹೈನು ಅಭಿವೃದ್ಧಿ ಮಂಡಳಿಯು ಪ್ರಚುರಪಡಿಸಿರುವ ಗಿಡಮೂಲಿಕೆ ಲೇಪ ಹೀಗಿದೆ: ಲೋಳೆಸರ 250 ಗ್ರಾಂ, ಅರಿಶಿನ ಪುಡಿ 50 ಗ್ರಾಂ, ಎಲೆಯಡಿಕೆಯ ಸುಣ್ಣ 15 ಗ್ರಾಂ. ಲೋಳೆಸರದ ಮುಳ್ಳಷ್ಟೇ ತೆಗೆದು ಮೂರನ್ನೂ ಕೂಡಿಸಿ ಅರೆದರೆ ಕೆಂಪು ಮುದ್ದೆಯಾಗುತ್ತದೆ. ಸುಣ್ಣ ಹೆಚ್ಚಾದರೆ ಚರ್ಮ ಉರಿದೀತು, ತೂಕ ನೋಡಿಯೇ ಹಾಕಬೇಕು. ಕೆಚ್ಚಲಿನ ಕೆಟ್ಟ ಹಾಲನ್ನು ಪೂರ್ತಿ ಹಿಂಡಿ ತೆಗೆದು, ತೊಳೆದು ಒರೆಸಿ, ಒಂದು ಹಿಡಿ ಮುದ್ದೆಯನ್ನು 150ರಿಂದ 200 ಮಿ.ಲೀ. ನೀರಿನಲ್ಲಿ ಕದಡಿ ಕೆಚ್ಚಲಿಗೆಲ್ಲ ಸವರಬೇಕು. ದಿನಕ್ಕೆ ಹತ್ತು ಸಲದಂತೆ ಐದು ದಿನ. ಹತ್ತು ಸಲ ಎಂಬುದನ್ನು ಕೇಳಿ ಹಲವರು ಎರಡು ಸಲಕ್ಕೇ ನಿಲ್ಲಿಸುತ್ತಾರೆ; ಗುಣ ಕಾಣದಿರುವುದು ಬಹುಮಟ್ಟಿಗೆ ಅಲ್ಲಿಯೇ. ಮುದ್ದೆಯನ್ನು ಪ್ರತಿದಿನ ಹೊಸದಾಗಿ ಅರೆಯಬೇಕು. ಜೊತೆಗೆ ಮೂರು ದಿನ, ದಿನಕ್ಕೆ ಎರಡು ನಿಂಬೆಹಣ್ಣು ಹೋಳು ಮಾಡಿ ತಿನ್ನಿಸಬೇಕು. ಹಾಲಿನಲ್ಲಿ ರಕ್ತವಿದ್ದರೆ ಕರಿಬೇವು, ಬೆಲ್ಲ ಅರೆದು ತಿನ್ನಿಸುವುದೂ ರೂಢಿಯಲ್ಲಿದೆ.

ಲೇಪದ ಫಲ ರೋಗದ ಆರಂಭದಲ್ಲಿ. ಪ್ರತಿಸಲ ಮೊದಲ ನಾಲ್ಕು ಧಾರೆಗಳನ್ನು ಕಪ್ಪು ಬಟ್ಟೆಯ ಮೇಲೆ ಹಿಂಡಿದರೆ ಗರಣೆ, ಎಳೆ ಕಣ್ಣಿಗೆ ಬೀಳುತ್ತವೆ. ಆ ಹಾಲನ್ನು ಕೊಟ್ಟಿಗೆಯಲ್ಲಿ ಚೆಲ್ಲಬಾರದು. ಜ್ವರ ಬಂದು ಮೇವು ಬಿಟ್ಟರೆ, ಕೆಚ್ಚಲು ತಣ್ಣಗಾಗಿ ನೀಲಿಗಟ್ಟಿದರೆ, ಲೇಪವನ್ನು ನೆಚ್ಚಿ ಕೂಡುವುದು ಸಲ್ಲದು. ಅಂಥ ರಾಸು ಒಂದೆರಡು ದಿನದಲ್ಲೇ ಕೈತಪ್ಪಬಹುದು. ಅಂದೇ ಪಶುವೈದ್ಯರನ್ನು ಕರೆಸಬೇಕು. ಸಂಚಾರಿ ಪಶು ಚಿಕಿತ್ಸೆಗೆ 1962ಕ್ಕೆ ದೂರವಾಣಿ ಮಾಡಬಹುದು.

ಹೆಬ್ಬೆರಳು ಮಡಚಿ ಹಿಂಡುವ ರೂಢಿ ಮೊಲೆಯ ಒಳಭಾಗವನ್ನು ಗಾಯಗೊಳಿಸುತ್ತದೆ. ಅಂಗೈ ತುಂಬ ಹಿಡಿದು ಹಿಂಡಬೇಕು. ಬಾವು ಬಂದ ರಾಸನ್ನು ಕೊನೆಗೆ ಹಿಂಡಿ ಕೈ ತೊಳೆಯಬೇಕು. ಹಿಂಡಿದ ಮೇಲೆ ಮೊಲೆಯ ರಂಧ್ರ ಮುಚ್ಚಲು ಅರ್ಧ ಗಂಟೆಯಾದರೂ ಬೇಕು. ಅಷ್ಟು ಹೊತ್ತು ರಾಸು ಮಲಗದಂತೆ ಮುಂದೆ ಒಂದು ಹೊರೆ ಕಣಿಕೆ ಹಾಕಿದರಾಯಿತು.